ಓಪನ್ ಕಿಚನ್ ಮಾಡಿಸೋ ಮುಂಚೆ ಒಗ್ಗರಣೆ ಹೊಗೆ ಎಲ್ಲಿಗೆ ಹೋಗತ್ತೆ ನೋಡ್ಕೊಳ್ಳಿ

ಸಂಪಾದಕರಿಗೆ ನಮಸ್ಕಾರ,

ಹೋದ ಶನಿವಾರ ನಿಮ್ಮ ಪುರವಣಿಲಿ ಓಪನ್ ಕಿಚನ್, ಅಂದ್ರೆ ಹಾಲ್‌ಗೂ ಅಡುಗೆಮನೆಗೂ ನಡುವೆ ಗೋಡೆ ಇಲ್ಲದ ಅಡುಗೆಮನೆ ಬಗ್ಗೆ ಒಂದು ಪೂರ್ತಿ ಪುಟ ಬಂದಿತ್ತಲ್ಲ, ಅದನ್ನ ಓದಿ ಈ ಪತ್ರ ಬರೀತಾ ಇದೀನಿ. ಫೋಟೋಗಳು ಚೆನ್ನಾಗಿದ್ವು. ಕಪಾಟಿಗೆ ಬಿಳಿ ಶಟರ್, ನಡುವೆ ಐಲ್ಯಾಂಡ್ ಕಟ್ಟೆ, ಅದರ ಮೇಲೆ ನೇತುಬಿಟ್ಟಿರೋ ಲೈಟು, ಎತ್ತರದ ಸ್ಟೂಲು, ಎಲ್ಲಾ ಇತ್ತು. ಆದ್ರೆ ಒಂದು ಫೋಟೋದಲ್ಲೂ ಸ್ಟವ್ ಮೇಲೆ ಬಾಣಲೆ ಇರ್ಲಿಲ್ಲ, ಎಣ್ಣೆ ಡಬ್ಬ ಇರ್ಲಿಲ್ಲ, ಸಿಂಕಲ್ಲಿ ಒಂದು ಪಾತ್ರೆ ಇರ್ಲಿಲ್ಲ. ನಾನು ಸಿವಿಲ್ ಡಿಪ್ಲೊಮಾ ಮಾಡಿ ಮೈಸೂರಲ್ಲಿ ಹಳೇ ಮನೆಗಳ ರೀಮಾಡೆಲಿಂಗ್ ಕೆಲಸ ಮಾಡಿಸೋಳು, ಅದರಲ್ಲೂ ಅಡುಗೆಮನೆ ಕೆಲಸನೇ ಜಾಸ್ತಿ, ಮನೇಲಿ ಅಡುಗೆ ಮಾಡೋದೂ ನಾನೇ. ಪೇಪರ್ ಕಟಿಂಗ್ ಹಿಡ್ಕೊಂಡು "ಮೇಡಂ, ನಮಗೂ ಸೇಮ್ ಹೀಗೇ ಬೇಕು" ಅಂತ ಬರೋ ಜನಕ್ಕೆ ನಾನು ದಿನಾ ಹೇಳೋ ಮಾತುಗಳನ್ನೇ ಇಲ್ಲಿ ಬರೀತೀನಿ, ಉದ್ದ ಆದ್ರೆ ದಯವಿಟ್ಟು ಕತ್ತರಿಸಬೇಡಿ.

ಮೊದಲೇ ಹೇಳ್ಬಿಡ್ತೀನಿ, ಗೋಡೆ ಒಡೀಬೇಡಿ ಅಂತ ನಾನು ಹೇಳ್ತಿಲ್ಲ. ಒಡೀಬೇಕು. ಕುವೆಂಪುನಗರ, ಸರಸ್ವತಿಪುರಂ ಕಡೆ 70, 80ರ ದಶಕದಲ್ಲಿ ಕಟ್ಟಿದ ಎಷ್ಟೋ ಮನೆಗಳಲ್ಲಿ ಅಡುಗೆಮನೆ ಅಂದ್ರೆ ಮನೆಯ ಕಟ್ಟಕಡೇಲಿ ಒಂದು ರೂಮು, ಎಂಟು ಅಡಿಗೆ ಹತ್ತು ಅಡಿ ಇದ್ರೆ ಹೆಚ್ಚು, ಒಂದು ಬಾಗಿಲು, ಒಂದು ಕಿಟಕಿ, ಮೂರು ಕಡೆ ಕಡಪಾ ಕಲ್ಲಿನ ಶೆಲ್ಫು, ಮೇಲೆ ಸಜ್ಜಾ. ದಸರಾದಲ್ಲಿ ಗೊಂಬೆ ನೋಡೋಕೆ ಜನ ಬರ್ತಾರೆ, ವರಮಹಾಲಕ್ಷ್ಮಿಗೆ ಅರಿಶಿನ ಕುಂಕುಮಕ್ಕೆ ಬರ್ತಾರೆ, ಎಲ್ಲರೂ ಹಾಲಲ್ಲಿ ಕೂತು ನಗ್ತಾ ಮಾತಾಡ್ತಾ ಇರ್ತಾರೆ, ಕರೆದಿರೋ ಮನೆಯಾಕೆ ಮಾತ್ರ ಹಿಂದಿನ ರೂಮಲ್ಲಿ ಗೋಡೆಗೆ ಮುಖ ಮಾಡಿ ಬೋಂಡ ಕರೀತಾ ನಿಂತಿರ್ತಾಳೆ. ಕಾಫಿ ತಟ್ಟೆ ತರೋವಾಗ ಒಂದು ಸಲ, ಖಾಲಿ ಲೋಟ ತಗೊಂಡು ಹೋಗೋವಾಗ ಒಂದು ಸಲ, ಅಷ್ಟೇ ಅವಳ ದರ್ಶನ. ಕೇಂದ್ರ ಸರ್ಕಾರದ 2019ರ ಟೈಮ್ ಯೂಸ್ ಸರ್ವೆ ಪ್ರಕಾರ ಸಂಬಳ ಇಲ್ಲದ ಮನೆಕೆಲಸ ಮಾಡೋ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೇ ಕೊಡ್ತಾರೆ, ಗಂಡಸರಲ್ಲಿ ಮಾಡೋರು 97 ನಿಮಿಷ. ಇದು ಬರೀ ಅಡುಗೆ ಲೆಕ್ಕ ಅಲ್ಲ, ಗುಡಿಸೋದು ಒರೆಸೋದು ಬಟ್ಟೆ ಒಗೆಯೋದು ಎಲ್ಲಾ ಸೇರಿ, ಆದ್ರೂ ಅದರಲ್ಲಿ ದೊಡ್ಡ ಪಾಲು ಆ ಎಂಟು ಬೈ ಹತ್ತರ ರೂಮಲ್ಲೇ ಕಳೆಯತ್ತೆ ಅನ್ನೋದಕ್ಕೆ ಸರ್ವೆ ಬೇಕಾಗಿಲ್ಲ. ಹಾಗಾಗಿ ಅಡುಗೆ ಮಾಡೋರಿಗೆ ಜನರ ಮುಖ ಕಾಣಬೇಕು, ಮಾತು ಕೇಳಬೇಕು ಅನ್ನೋ ಆಸೆ ಶೋಕಿ ಅಲ್ಲ, ನ್ಯಾಯವಾದದ್ದು.

ಒಂಟಿಯಾಗಿ ನಿಂತು ಕೆಲಸ ಮಾಡೋ ಈ ಅಡುಗೆಮನೆ ಬರೀ ನಮ್ಮೂರಿಂದು ಅಂದ್ಕೋಬೇಡಿ. ಈಗ ನಾವು ಮಾಡ್ಯುಲರ್ ಕಿಚನ್ ಅನ್ನೋ, ರೆಡಿಮೇಡ್ ಡಬ್ಬ ಜೋಡಿಸಿ ಮಾಡೋ ಅಡುಗೆಮನೆಯ ಮೂಲ ಹುಡುಕ್ಕೊಂಡು ಹೋದ್ರೆ ಜರ್ಮನಿಯ ಫ್ರಾಂಕ್‌ಫರ್ಟ್‌ಗೆ ಹೋಗತ್ತೆ. 1926ರಲ್ಲಿ ಮಾರ್ಗರೆಟ್ ಶ್ಯುಟ್ಟೆ ಲಿಹೊಟ್ಸ್ಕಿ ಅನ್ನೋ ಆಸ್ಟ್ರಿಯಾದ ಆರ್ಕಿಟೆಕ್ಟ್ ಅಲ್ಲಿನ ಕಾರ್ಮಿಕರ ಮನೆಗಳಿಗೆ ಅಂತ ಸುಮಾರು 1.9 ಮೀಟರ್ ಅಗಲ 3.4 ಮೀಟರ್ ಉದ್ದದ ಒಂದು ಅಡುಗೆಮನೆ ಡಿಸೈನ್ ಮಾಡಿದ್ರು, ರೈಲಿನ ಊಟದ ಬೋಗಿಯ ಅಡುಗೆಮನೆ ನೋಡಿ, ಕೈ ಚಾಚಿದ್ರೆ ಎಲ್ಲಾ ಸಿಗೋ ಹಾಗೆ. ಅಂಥವು ಹತ್ತು ಸಾವಿರದಷ್ಟು ಆದ್ವು. ಹೆಂಗಸರ ಓಡಾಟ ಕಡಿಮೆ ಆಗಿ ಅವರಿಗೆ ಟೈಮ್ ಉಳೀಲಿ ಅನ್ನೋದು ಆಕೆಯ ಉದ್ದೇಶ, ಒಳ್ಳೇ ಉದ್ದೇಶನೇ. ಆದ್ರೆ ಆ ಜಾಗದಲ್ಲಿ ಎರಡನೇ ಮನುಷ್ಯ ನಿಲ್ಲೋಕೆ ಆಗ್ತಿರ್ಲಿಲ್ಲ, ಹಾಗಾಗಿ ಅಡುಗೆ ಒಬ್ಬರದ್ದೇ ಕೆಲಸ ಅಂತ ಆಗೋಯ್ತು, ಆಮೇಲಿನ ಕಾಲದ ಹೆಂಗಸರು ಅದನ್ನೇ ಎತ್ತಿ ಆಡಿದ್ರು. ನಾನು ಪ್ಲಾನ್ ಹಾಕೋವಾಗ ಮೊದಲು ನೋಡೋದು ಇದನ್ನೇ, ಇಬ್ಬರು ಒಬ್ಬರಿಗೊಬ್ಬರು ಮೊಣಕೈ ತಗಲಿಸಿಕೊಳ್ಳದೆ ಓಡಾಡ್ಬಹುದಾ ಅಂತ. ಎದುರುಬದುರು ಕಟ್ಟೆ ಇದ್ರೆ ನಡುವೆ ನಾಲ್ಕು ಅಡಿ ಬೇಕು, ಮೂರೂವರೆಗೆ ಇಳಿದ್ರೆ ಫ್ರಿಜ್ ಬಾಗಿಲು ತೆಗೆದಾಗ ಇನ್ನೊಬ್ಬರು ಈಚೆ ಬರಬೇಕು.

ಸರಿ, ಗೋಡೆ ಒಡೆದ್ವಿ. ಆಮೇಲೆ? ನಮ್ಮ ಅಡುಗೆ ಏನು ಅಂತ ಯೋಚನೆ ಮಾಡಿ. ದಿನಾ ಬೆಳಿಗ್ಗೆ ಸಂಜೆ ಸಾಸಿವೆ ಸಿಡಿಯಬೇಕು, ಬ್ಯಾಡಗಿ ಮೆಣಸಿನಕಾಯಿ ಹುರೀಬೇಕು, ಇಂಗು ಎಣ್ಣೆಗೆ ಬೀಳಬೇಕು, ಹಬ್ಬ ಬಂದ್ರೆ ಕರಿಯೋ ಬಾಣಲೆ ಗಂಟೆಗಟ್ಟಲೆ ಕಾಯ್ತಾ ಇರಬೇಕು. ಸಾರಿನ ಪುಡಿಗೆ ಹುರಿಯೋ ದಿನ ಬೀದಿ ಕೊನೆವರೆಗೂ ಸೀನು. ಆ ಘಾಟು, ಆ ಎಣ್ಣೆ ಹಬೆ ಹಾಲಿಗೆ ನುಗ್ಗಿದ್ರೆ ಆರು ತಿಂಗಳಲ್ಲಿ ಸೋಫಾ ಬಟ್ಟೆ, ಕರ್ಟನ್ನು, ಫಾಲ್ಸ್ ಸೀಲಿಂಗು ಎಲ್ಲಾ ಜಿಡ್ಡು. ಆರೋಗ್ಯದ ವಿಷಯನೂ ಇದೆ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 2010ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೆಚ್ಚು ಕಾವಿನ ಎಣ್ಣೇಲಿ ಕರಿಯೋವಾಗ ಏಳೋ ಹೊಗೆಯನ್ನ ಕ್ಯಾನ್ಸರ್ ತರೋ ಸಾಧ್ಯತೆ ಇರೋ ಪದಾರ್ಥಗಳ 2ಎ ಗುಂಪಲ್ಲಿ ಸೇರಿಸಿದೆ. ಗೋಡೆ ಇದ್ದಾಗ ಅದನ್ನ ಒಬ್ಬರು ಕುಡೀತಿದ್ರು, ಗೋಡೆ ತೆಗೆದ್ರೆ ಮನೆಮಂದಿ, ಬಂದ ನೆಂಟರು, ಮಕ್ಕಳು ಎಲ್ಲರೂ ಕುಡೀತಾರೆ. ಇದರ ಬಗ್ಗೆ ನಿಮ್ಮ ಲೇಖನದಲ್ಲಿ ಇದ್ದದ್ದು ಒಂದೇ ಸಾಲು, ಒಳ್ಳೇ ಚಿಮ್ನಿ ಹಾಕಿಸಿ ಅಂತ.

ಆ ಒಂದು ಸಾಲಿನ ಹಿಂದೆ ಏನೇನಿದೆ ಹೇಳ್ತೀನಿ. ಚಿಮ್ನಿ ಡಬ್ಬದ ಮೇಲೆ ಗಂಟೆಗೆ 1200 ಕ್ಯೂಬಿಕ್ ಮೀಟರ್ ಗಾಳಿ ಎಳೆಯತ್ತೆ ಅಂತ ಬರೆದಿರತ್ತೆ, ಅದು ಪೈಪ್ ಯಾವ ಅಡೆತಡೆನೂ ಇಲ್ಲದೆ ಇದ್ದಾಗಿನ ಲೆಕ್ಕ. ನಮ್ಮ ಮನೆಗಳಲ್ಲಿ ಏನಾಗತ್ತೆ ಅಂದ್ರೆ ಆರು ಇಂಚಿನ ಪೈಪ್ ಹೋಗಬೇಕಾದ ಕಡೆ ಫಿಟ್ಟಿಂಗ್ ಹುಡುಗರು ನಾಲ್ಕು ಇಂಚಿನ ತೂತು ಕೊರೀತಾರೆ, ಅಲ್ಯುಮಿನಿಯಂ ಮಡಿಕೆ ಪೈಪನ್ನ ಅಟ್ಟದ ಒಳಗೆ ಹಾವಿನ ಥರ ಮೂರು ಕಡೆ ಬಗ್ಗಿಸಿ ತಗೊಂಡು ಹೋಗ್ತಾರೆ, ಕೊನೇಲಿ ಹಕ್ಕಿ ಬರದೇ ಇರ್ಲಿ ಅಂತ ಸಣ್ಣ ಕಣ್ಣಿನ ಜಾಲರಿ, ಅದು ಜಿಡ್ಡು ಹಿಡಿದು ಮುಚ್ಚಿಹೋಗತ್ತೆ. ಸೌಂಡ್ ಮಾತ್ರ ಜೋರು, ಹೊಗೆ ಅಲ್ಲೇ. ಹಾಗಾಗಿ ಸ್ಟವ್ ಹೊರಗೋಡೆಗೆ ಅಂಟಿಕೊಂಡೇ ಇರಬೇಕು, ಪೈಪ್ ನೇರವಾಗಿ ಗಿಡ್ಡವಾಗಿ ಹೊರಗೆ ಹೋಗಬೇಕು, ಒಂದೇ ಬಗ್ಗು, ಚಿಮ್ನಿ ಸ್ಟವ್‌ಗಿಂತ ಎರಡೂಕಾಲು ಅಡಿಯಿಂದ ಎರಡೂವರೆ ಅಡಿ ಮೇಲೆ, ಸ್ಟವ್ ಎಷ್ಟು ಅಗಲ ಇದೆಯೋ ಚಿಮ್ನಿ ಅದಕ್ಕಿಂತ ಚಿಕ್ಕದಿರಬಾರದು, ಮೂರು ಬರ್ನರ್ ಸ್ಟವ್‌ಗೆ 60 ಸೆಂಟಿಮೀಟರ್ ಚಿಮ್ನಿ ಸಾಲಲ್ಲ. ಇನ್ನೊಂದು, ಒಳಗಿಂದ ಗಾಳಿ ಎಳೀಬೇಕು ಅಂದ್ರೆ ಹೊರಗಿಂದ ಗಾಳಿ ಒಳಗೆ ಬರಬೇಕಲ್ವಾ, ಎಲ್ಲಾ ಕಿಟಕಿ ಮುಚ್ಚಿ ಚಿಮ್ನಿ ಹಾಕಿದ್ರೆ ಅದು ಎಲ್ಲಿಂದ ಎಳೀತದೆ, ಎದುರುಗಡೆ ಕಿಟಕಿ ನಾಲ್ಕು ಬೆರಳು ತೆಗೆದಿಡಿ. ಪೈಪ್ ಇಲ್ಲದ, ಇದ್ದಿಲು ಫಿಲ್ಟರ್ ಚಿಮ್ನಿ ಯಾರಾದ್ರೂ ಮಾರೋಕೆ ಬಂದ್ರೆ ತಗೋಬೇಡಿ, ಅದು ವಾಸನೆ ಸ್ವಲ್ಪ ಹೀರ್ಕೊಂಡು ಹಬೆ, ಕಾವು ಎರಡನ್ನೂ ವಾಪಸ್ ನಿಮ್ಮ ಮುಖಕ್ಕೇ ಬಿಡತ್ತೆ.

ಇನ್ನೊಂದು ಲೆಕ್ಕನೂ ಜನಕ್ಕೆ ಯಾರೂ ಹೇಳಲ್ಲ. ಎಂಟು ಬೈ ಹತ್ತು, ಹತ್ತು ಅಡಿ ಎತ್ತರದ ರೂಮಲ್ಲಿ ಇರೋ ಗಾಳಿ 800 ಘನ ಅಡಿ. ಗೋಡೆ ತೆಗೆದು ಹಾಲ್, ಡೈನಿಂಗ್ ಸೇರಿಸಿದ್ರೆ ಅದು ಸುಲಭವಾಗಿ ಮೂರು ಸಾವಿರ ದಾಟತ್ತೆ. ಚಿಮ್ನಿ ಅದೇ, ಜಾಗ ನಾಲ್ಕು ಪಟ್ಟು, ಮೇಲಿಂದ ಹಾಲಿನ ಫ್ಯಾನ್ ಗಾಳಿ ಹೊಗೇನ ಚಿಮ್ನಿಗೆ ಸಿಗೋ ಮುಂಚೆನೇ ಚೆದುರಿಸಿಬಿಡತ್ತೆ.

ಹಾಗಾದ್ರೆ ಏನು ಮಾಡೋದು ಅಂತ ಕೇಳಿದ್ರೆ ನಾನು ಹೇಳೋದು, ಗೋಡೆ ಪೂರ್ತಿ ತೆಗೀಬೇಡಿ, ಅರ್ಧ ತೆಗೀರಿ, ಒಳಗೊಂದು ಹಿಂದೊಂದು ಅಂತ ಒಲೆ ಎರಡು ಮಾಡಿ. ಸರಸ್ವತಿಪುರಂನಲ್ಲಿ ಒಂದು ಮನೆ ಕೆಲಸ ಮಾಡಿಸಿದ್ದನ್ನ ವಿವರವಾಗಿ ಹೇಳ್ತೀನಿ. ಅಡುಗೆಮನೆಗೂ ಊಟದ ಜಾಗಕ್ಕೂ ನಡುವೆ ಒಂಬತ್ತು ಇಂಚಿನ ಇಟ್ಟಿಗೆ ಗೋಡೆ, ಮೇಲಿನ ತಾರಸಿ ಭಾರ ಅದರ ಮೇಲೇ ಇತ್ತು. ಅದರಲ್ಲಿ ಐದು ಅಡಿ ಅಗಲದ ಒಂದು ಕಿಂಡಿ ತೆಗೆದ್ವಿ, ನೆಲದಿಂದ ಎರಡೂವರೆ ಅಡಿ ಬಿಟ್ಟು ಮೇಲಕ್ಕೆ ಏಳು ಅಡಿವರೆಗೆ. ಜಾಕಿ ಕೊಟ್ಟು ತಾರಸಿ ಹಿಡ್ಕೊಂಡು, ಮೊದಲು ಕಿಂಡಿ ಮೇಲೆ ಭಾರ ಹೊರೋ ಲಿಂಟಲ್ ತೊಲೆ ಕೂರಿಸಿ, ಅದು ಗಟ್ಟಿಯಾದ ಮೇಲೆ ಕೆಳಗಿನ ಇಟ್ಟಿಗೆ ತೆಗೆದಿದ್ದು. ಈ ಕ್ರಮ ತಪ್ಪಿಸಿ ನೇರ ಸುತ್ತಿಗೆ ಎತ್ತೋ ಮೇಸ್ತ್ರಿನ ಮನೆ ಒಳಗೆ ಬಿಟ್ಕೋಬೇಡಿ, ಗೋಡೆ ಮೂಲೇಲಿ ಓರೆ ಬಿರುಕು ಬಂದ್ಮೇಲೆ ಯಾರೂ ಫೋನ್ ಎತ್ತಲ್ಲ. ಆ ಕಿಂಡಿ ಕೆಳಗಿನ ಅಂಚಿಗೆ ಅಗಲವಾದ ಕಪ್ಪು ಗ್ರಾನೈಟ್ ಹಾಸು ಹಾಕಿದ್ವಿ, ಊಟದ ಕಡೆ ಅದು ಹನ್ನೆರಡು ಇಂಚು ಮುಂದಕ್ಕೆ ಬರೋ ಹಾಗೆ, ಮಾಮೂಲಿ ಕುರ್ಚಿ ಎಳ್ಕೊಂಡು ಕೂರ್ಬಹುದು. ಕಿಂಡಿಗೆ ಎರಡು ಗಾಜಿನ ಸ್ಲೈಡಿಂಗ್ ಬಾಗಿಲು. ಹಿಂದಿನ ಹಿತ್ತಲ ಕಡೆ ನಾಲ್ಕು ಅಡಿ ಅಗಲದ ಯುಟಿಲಿಟಿ ಇತ್ತು, ವಾಷಿಂಗ್ ಮೆಷಿನ್ ಮಾತ್ರ ಇಟ್ಕೊಂಡಿದ್ರು, ಅಲ್ಲೊಂದು ಕಟ್ಟೆ ಕಟ್ಟಿ ದೊಡ್ಡ ಬರ್ನರ್ ಒಂದು, ಪಾತ್ರೆ ತೊಳೆಯೋ ಆಳದ ಸಿಂಕ್ ಒಂದು, ಮೇಲೆ ದೊಡ್ಡ ಎಕ್ಸಾಸ್ಟ್ ಫ್ಯಾನ್.

ಈಗ ಆ ಮನೇಲಿ ಕರಿಯೋದು, ಹುರಿಯೋದು, ಮೀನು ಮಾಂಸ ಏನಿದ್ರೂ ಹಿಂದಿನ ಒಲೆ. ಅನ್ನ, ಸಾರು, ಪಲ್ಯ, ಕಾಫಿ ಒಳಗಿನ ಒಲೆ, ಒಗ್ಗರಣೆ ಹಾಕೋವಾಗ ಗಾಜು ಎಳೀತಾರೆ, ಐದು ನಿಮಿಷ ಬಿಟ್ಟು ತೆಗೀತಾರೆ. ಗಾಜಿನ ಆಚೆ ಇರೋರು ಕಾಣ್ತಾನೇ ಇರ್ತಾರೆ. ಹೋದ ಅವರೆಕಾಯಿ ಕಾಲದಲ್ಲಿ ನಾನು ಹೋದಾಗ ಆ ಹಾಸಿನ ಮೇಲೆ ನೆನೆಸಿದ ಕಾಳಿನ ದೊಡ್ಡ ಬೋಗುಣಿ ಇಟ್ಕೊಂಡು ಅಜ್ಜಿ, ಮಗ, ಪಕ್ಕದ ಮನೆಯೋರು, ಒಂದು ಸಣ್ಣ ಹುಡುಗಿ ಎಲ್ಲಾ ಸುತ್ತ ಕೂತು ಬೇಳೆ ಹಿತುಕ್ತಾ ಇದ್ರು, ಬೆರಳಲ್ಲಿ ಒತ್ತಿದ್ರೆ ಬೇಳೆ ಚಂಗ್ ಅಂತ ಹಾರಿ ಒಳಗಡೆ ಕಟ್ಟೆಗೆ ಬೀಳೋದು, ಒಳಗಿಂದ ಸೊಸೆ ಅದನ್ನ ಆರಿಸಿ ವಾಪಸ್ ಹಾಕೋದು, ಮಾತು ನಡೀತಾನೇ ಇತ್ತು. ಇಂಥ ಕೆಲಸ ನಮ್ಮ ಅಡುಗೇಲಿ ಎಷ್ಟಿಲ್ಲ ಹೇಳಿ, ಸೊಪ್ಪು ಬಿಡಿಸೋದು, ಹೋಳಿಗೆಗೆ ಕಣಕ ಉಂಡೆ ಕಟ್ಟೋದು, ತೆಂಗಿನಕಾಯಿ ತುರಿಯೋದು, ಚಕ್ಕುಲಿ ಒತ್ತೋದು. ಹೀಗೆ ಕೂತು ಮಾಡೋ ಕೆಲಸಕ್ಕೆ ಜಾಗ ಕೊಟ್ರೆ ನೆಂಟರು ತಾವಾಗೇ ಕೈ ಹಾಕ್ತಾರೆ, ಗಂಡಸರೂ ಹಾಕ್ತಾರೆ, ನಾನು ನೋಡಿದೀನಿ. ನಮ್ಮಲ್ಲಿ ಮನೆಗೆ ಜನ ಬರೋದು ಅಂದ್ರೆ ಇದು, ವೈನ್ ಗ್ಲಾಸ್ ಹಿಡ್ಕೊಂಡು ಐಲ್ಯಾಂಡ್ ಸುತ್ತ ನಿಲ್ಲೋ ಫೋಟೋ ನಮ್ಮ ಬಹುಪಾಲು ಮನೆಗಳಿಗೆ ಹೊಂದಲ್ಲ.

ಆ ಎತ್ತರದ ಸ್ಟೂಲ್ ಬಗ್ಗೆ ಒಂದು ಮಾತು. ಬಾರ್ ಕೌಂಟರ್ ಅಂತ ಮೂರೂವರೆ ಅಡಿ ಎತ್ತರ ಮಾಡಿದ್ರೆ ಮಂಡಿ ನೋವಿರೋ ಅಮ್ಮ, ಅತ್ತೆ ಯಾರೂ ಅದನ್ನ ಹತ್ತಲ್ಲ, ಮಕ್ಕಳು ಹತ್ತಿ ಬೀಳ್ತಾರೆ, ಆಮೇಲೆ ಅದು ಪೇಪರ್, ಮೊಬೈಲ್ ಚಾರ್ಜರ್ ಇಡೋ ಜಾಗ ಆಗತ್ತೆ. ಎರಡೂವರೆ ಅಡಿ, ಊಟದ ಟೇಬಲ್ ಎತ್ತರ, ಅಷ್ಟೇ ಸಾಕು. ಅಡುಗೆ ಕಟ್ಟೆ ಎತ್ತರನೂ ಅಂಗಡಿಯೋರು ಹೇಳಿದ್ದನ್ನ ಒಪ್ಕೋಬೇಡಿ, ಅಡುಗೆ ಮಾಡೋರನ್ನ ನಿಲ್ಲಿಸಿ ಮೊಣಕೈ ಮಡಿಸಿ ಅಲ್ಲಿಂದ ಐದು ಇಂಚು ಕೆಳಗೆ ಗುರುತು ಹಾಕಿ. ಐದು ಅಡಿ ಒಂದು ಇಂಚು ಇರೋರಿಗೆ ಅದು 33 ಇಂಚಿನ ಆಸುಪಾಸು ಬರತ್ತೆ, ಕಂಪನಿ ಡಬ್ಬಗಳು ಕೆಲವು ಸಲ 36ಕ್ಕೆ ಕೂರತ್ತೆ, ಆ ಮೂರು ಇಂಚಿಗೆ ವರ್ಷಗಟ್ಟಲೆ ಭುಜ ನೋವು. ಚಪಾತಿ ಲಟ್ಟಿಸೋಕೆ ಇನ್ನೂ ಎರಡು ಇಂಚು ತಗ್ಗಿದ್ರೆ ಒಳ್ಳೇದು.

ಮಿಕ್ಸಿ, ಗ್ರೈಂಡರ್ ಎರಡನ್ನೂ ಯುಟಿಲಿಟಿಗೆ ಹಾಕಿ. ಓಪನ್ ಕಿಚನ್‌ನಲ್ಲಿ ಚಟ್ನಿ ರುಬ್ಬಿದ್ರೆ ಹಾಲಲ್ಲಿ ಯಾರ ಮಾತೂ ಯಾರಿಗೂ ಕೇಳಲ್ಲ. ಗ್ರೈಂಡರ್ ಭಾರ, ಸೊಂಟದ ಮಟ್ಟಕ್ಕೆ ಒಂದು ಕಲ್ಲಿನ ಶೆಲ್ಫು, ಪಕ್ಕದಲ್ಲೇ ಪ್ಲಗ್ಗು, ಪಕ್ಕದಲ್ಲೇ ನಲ್ಲಿ, ಅದನ್ನ ಎತ್ತಿ ಇಳಿಸೋ ಕೆಲಸನೇ ಇರಬಾರದು.

ಗ್ಯಾಸ್ ವಿಷಯದಲ್ಲಿ ಮಾತ್ರ ದಯವಿಟ್ಟು ಹುಷಾರು. ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ಲೀಕ್ ಆದ್ರೆ ನೆಲದ ಮೇಲೆ ಹರಡಿ ಕೂರತ್ತೆ, ಅದಕ್ಕೆ ನೆಲದ ಮಟ್ಟದಲ್ಲಿ ಹೊರಗೆ ಹೋಗೋ ಕಿಂಡಿ ಬೇಕು. ಪೈಪಲ್ಲಿ ಬರೋ ನ್ಯಾಚುರಲ್ ಗ್ಯಾಸ್ ಹಗುರ, ಮೇಲಕ್ಕೆ ಏರತ್ತೆ, ಅದಕ್ಕೆ ಸೀಲಿಂಗ್ ಹತ್ರ ಕಿಂಡಿ ಬೇಕು. ಇಂಟೀರಿಯರ್ ಮಾಡೋರು ಎಲ್ಲಾ ನೀಟಾಗಿ ಕಾಣ್ಲಿ ಅಂತ ಸಿಲಿಂಡರನ್ನ ಶಟರ್ ಒಳಗೆ ಗಾಳಿ ಆಡದ ಹಾಗೆ ಮುಚ್ಚಿ, ಹಳೇ ಗವಾಕ್ಷಿಗೆ ಪ್ಲೈವುಡ್ ಹೊಡೆದುಬಿಡ್ತಾರೆ, ಇದು ತಪ್ಪು. ಆ ಗವಾಕ್ಷಿ ಇಟ್ಟ ಹಿಂದಿನೋರು ಗಾಳಿ ಲೆಕ್ಕ ಗೊತ್ತಿದ್ದೇ ಇಟ್ಟಿದ್ದು. ಸಿಲಿಂಡರ್ ನೆಟ್ಟಗೆ ನಿಂತಿರಬೇಕು, ಸ್ಟವ್ ಅದಕ್ಕಿಂತ ಮೇಲಿರಬೇಕು, ಸುರಕ್ಷಾ ಟ್ಯೂಬ್ ಐದು ವರ್ಷಕ್ಕೆ ಬದಲಾಗಬೇಕು, ಗೋಡೆ ದಾಟಿಸಬೇಕು ಅಂದ್ರೆ ರಬ್ಬರ್ ಟ್ಯೂಬ್ ಎಳೀದೆ ಗ್ಯಾಸ್ ಏಜೆನ್ಸಿಯ ಮೆಕ್ಯಾನಿಕ್ ಕೈಲೇ ತಾಮ್ರದ ಲೈನ್ ಹಾಕಿಸಿ.

ಕಟ್ಟೆ ಕಲ್ಲಿಗೆ ಬರ್ತೀನಿ, ಯಾಕಂದ್ರೆ ಇದರಲ್ಲಿ ನಂಗೆ ಬೇಜಾರಿದೆ. ಈಗ ಎಲ್ಲರಿಗೂ ಬಿಳಿ ಕ್ವಾರ್ಟ್ಜ್ ಬೇಕು, ಫೋಟೋದಲ್ಲಿ ಅದೇ ಇರತ್ತೆ ಅಂತ. ಅದು ಕಲ್ಲಿನ ಪುಡೀನ ರೆಸಿನ್ ಹಾಕಿ ಒತ್ತಿ ಮಾಡಿದ್ದು, ಒಲೆಯಿಂದ ಇಳಿಸಿದ ಕುಕ್ಕರ್, ಬಾಣಲೆ ನೇರ ಇಟ್ರೆ ರೆಸಿನ್ ಸುಟ್ಟು ಕಲೆ ಬೀಳತ್ತೆ. ನಾವು ಪ್ರತಿ ಸಲ ಕೆಳಗೆ ಮಣೆ ಇಟ್ಟು ಇಳಿಸ್ತೀವಾ? ಅದಕ್ಕಿಂತ ಮುಖ್ಯ, ಅದನ್ನ ಕೊಯ್ಯೋ ಹುಡುಗರ ಶ್ವಾಸಕೋಶ. ಅದರ ಧೂಳಲ್ಲಿ ಸಿಲಿಕಾ ಬಹಳ, ಕಟ್ ಮಾಡೋರಿಗೆ ಸಿಲಿಕೋಸಿಸ್ ಅನ್ನೋ ಶ್ವಾಸಕೋಶದ ಕಾಯಿಲೆ ಬರ್ತಿದೆ ಅಂತಲೇ ಆಸ್ಟ್ರೇಲಿಯಾ ದೇಶ 2024ರ ಜುಲೈ 1ರಿಂದ ಈ ಥರದ ಇಂಜಿನಿಯರ್ಡ್ ಸ್ಟೋನ್ ತಯಾರಿಕೆ, ಬಳಕೆ ಎರಡನ್ನೂ ಬ್ಯಾನ್ ಮಾಡಿದೆ. ನಮ್ಮ ಪಕ್ಕದ ಚಾಮರಾಜನಗರದ ಕರಿ ಗ್ರಾನೈಟ್ ಊರೂರಿಗೆ, ದೇಶ ದೇಶಕ್ಕೆ ಹೋಗತ್ತೆ, ಇಳಕಲ್ ಕೆಂಪು ಕಲ್ಲಿದೆ, ಇವು ಬಿಸಿ ತಡೀತವೆ, ಹುಣಸೆಹಣ್ಣು ನಿಂಬೆಹುಳಿಗೆ ಜಗ್ಗಲ್ಲ. ಮಾರ್ಬಲ್ ಆದ್ರೆ ಒಂದು ನಿಂಬೆಹಣ್ಣು ಹಿಂಡಿದ ಜಾಗದಲ್ಲಿ ಹೊಳಪು ಹೋಗಿಬಿಡತ್ತೆ. ಗ್ರಾನೈಟ್ ಧೂಳಲ್ಲೂ ಸಿಲಿಕಾ ಇದೆ, ಹಾಗಾಗಿ ಯಾವ ಕಲ್ಲೇ ಇರ್ಲಿ, ನಿಮ್ಮ ಮನೇಲಿ ಕೊಯ್ತಾ ಇದ್ರೆ ನೀರು ಬಿಟ್ಕೊಂಡು ಕೊಯ್ಯೋಕೆ ಹೇಳಿ, ಮುಖಕ್ಕೆ ಕರ್ಚೀಫ್ ಕಟ್ಟಿಕೊಂಡ್ರೆ ಸಾಲಲ್ಲ, ಸರಿಯಾದ ಮಾಸ್ಕ್ ನೀವೇ ತರಿಸಿಕೊಡಿ. ಲಕ್ಷಗಟ್ಟಲೆ ಖರ್ಚು ಮಾಡೋ ಮನೆಯೋರಿಗೆ ಅದು ದೊಡ್ಡ ಖರ್ಚೇನಲ್ಲ.

ಶಟರ್, ಪ್ಲೈವುಡ್ ಬಗ್ಗೆ ಜಾಸ್ತಿ ಬರೆಯಲ್ಲ, ಸಿಂಕ್ ಕೆಳಗೆ ಮರದ ನಾರು ಒತ್ತಿ ಮಾಡೋ ಎಂಡಿಎಫ್ ಹಲಗೆ ಬೇಡ, ನೀರು ಕುಡಿದು ಉಬ್ಬತ್ತೆ, ನೀರು ತಡೆಯೋ ಐಎಸ್ 710 ಮಾರ್ಕಿನ ಪ್ಲೈ ಹಾಕಿ, ಇಲ್ಲಾ ಹಳೇ ಕಡಪಾ ಶೆಲ್ಫನ್ನೇ ಉಳಿಸ್ಕೊಂಡು ಅದಕ್ಕೆ ಬಾಗಿಲು ಮಾಡಿಸಿ, ಗೆದ್ದಲಿನ ಭಯನೇ ಇಲ್ಲ. ವಾಸ್ತು ಕೇಳೋರಿಗೆ ಆಗ್ನೇಯ ಮೂಲೆ ಬಿಟ್ಟುಕೊಡದೇನೇ ಇದೆಲ್ಲಾ ಮಾಡ್ಬಹುದು.

ಅಪಾರ್ಟ್‌ಮೆಂಟ್‌ನಲ್ಲಿ ಇರೋರು ಕೇಳ್ತಾರೆ, ನಮಗೆ ಹಿತ್ತಲೂ ಇಲ್ಲ, ಏನು ಮಾಡೋದು ಅಂತ. ಹೊಸ ದೊಡ್ಡ ಕಟ್ಟಡಗಳಲ್ಲಿ ತುಂಬಾ ಕಡೆ ಅಲ್ಯುಮಿನಿಯಂ ಅಚ್ಚು ಹಾಕಿ ಕಾಂಕ್ರೀಟ್ ಗೋಡೆನೇ ಎರಕ ಹೊಯ್ದಿರ್ತಾರೆ, ಮೈವಾನ್ ಅಂತಾರಲ್ಲ ಅದು, ಅಲ್ಲಿ ಗೋಡೆ ಮುಟ್ಟೋ ಹಾಗೇ ಇಲ್ಲ, ಇಡೀ ಕಟ್ಟಡದ ಭಾರ ಅದರ ಮೇಲಿರತ್ತೆ. ಹಳೇ ಅಪಾರ್ಟ್‌ಮೆಂಟ್ ಆದ್ರೆ ಇಟ್ಟಿಗೆ, ಬ್ಲಾಕ್ ಗೋಡೆ ಇರ್ಬಹುದು, ಸ್ಟ್ರಕ್ಚರಲ್ ಇಂಜಿನಿಯರ್‌ಗೆ ತೋರಿಸಿ, ಅಸೋಸಿಯೇಷನ್ ಒಪ್ಪಿಗೆ ತಗೊಂಡು ಮುಂದುವರೀರಿ. ಒಡೆಯೋಕಾಗದ ಕಡೆ ಮರದ ಬಾಗಿಲು ತೆಗೆದು ಗಾಜಿನ ಬಾಗಿಲು ಹಾಕಿ, ಡೈನಿಂಗ್ ಕಡೆ ಗೋಡೆಗೆ ಒಂದು ಸಣ್ಣ ಕಟ್ಟೆ, ಅದರ ಮೇಲೆ ಇಂಡಕ್ಷನ್, 16 ಆಂಪ್ ಪ್ಲಗ್ಗು. ದೋಸೆ ಹುಯ್ಯೋದು, ಕಾಫಿ ಕಾಯಿಸೋದು ಅಲ್ಲಿ ಎಲ್ಲರ ಮಧ್ಯೆ ನಿಂತು ಮಾಡ್ಬಹುದು. ಬಿಸಿ ಬಿಸಿ ದೋಸೆ ಕೊಡೋರೂ ತಿನ್ನೋರೂ ಒಂದೇ ಕಡೆ ಇರೋದಕ್ಕೆ ಅಷ್ಟು ಸಾಕು.

ಬಜೆಟ್ ಕಡಿಮೆ ಇದ್ರೆ ಮೊದಲು ಗಾಳಿ, ಹೊಗೆ, ನೀರು, ಕರೆಂಟು ಸರಿ ಮಾಡಿಸಿ, ಆಮೇಲೆ ಗೋಡೆ ಕಿಂಡಿ, ಕೊನೆಗೆ ಶಟರ್ ಬಣ್ಣ. ನಮ್ಮ ಹತ್ರ ಬರೋ ಬಹಳ ಜನ ಇದನ್ನ ತಲೆಕೆಳಗೆ ಮಾಡ್ಕೊಂಡು ಬಂದಿರ್ತಾರೆ, ಶಟರ್‌ಗೆ ದುಡ್ಡೆಲ್ಲಾ ಕೊಟ್ಟಾಗಿರತ್ತೆ, ಎಕ್ಸಾಸ್ಟ್‌ಗೆ ಬಂದಾಗ ಕೈ ಖಾಲಿ. ಮತ್ತೆ ಮಾತಾಡೋಕೆ ಬರೋದು ಮನೆ ಯಜಮಾನರು, ಅಡುಗೆ ಮಾಡೋರು ಹಿಂದೆ ಸುಮ್ಮನೆ ನಿಂತಿರ್ತಾರೆ. ನಾನು ಮೊದಲ ಭೇಟಿಗೆ ಅವರ ಜೊತೆ ಒಂದು ಹೊತ್ತಿನ ಅಡುಗೆ ಮುಗಿಯೋವರೆಗೂ ಅಲ್ಲೇ ನಿಲ್ತೀನಿ, ಯಾವ ಕೈಲಿ ಏನು ಎತ್ತುತಾರೆ, ಎಷ್ಟು ಸಲ ತಿರುಗ್ತಾರೆ, ಬಿಸಿ ಪಾತ್ರೆ ಎಲ್ಲಿಡ್ತಾರೆ ಅಂತ ನೋಡಿದ್ರೆ ಅರ್ಧ ಪ್ಲಾನ್ ಅಲ್ಲೇ ಬಂದುಬಿಡತ್ತೆ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಪುರವಣಿಲಿ ಇನ್ನು ಮುಂದೆ ಅಡುಗೆಮನೆ ಬಗ್ಗೆ ಬರೆದ್ರೆ ಮೈಸೂರಿಂದು, ಧಾರವಾಡದ್ದು, ಮಂಗಳೂರಿಂದು, ಶಿವಮೊಗ್ಗದ್ದು ಒಂದೊಂದು ನಿಜವಾದ ಮನೆ ತಗೊಳ್ಳಿ. ಪ್ಲಾನು ಅಳತೆ ಸಮೇತ ಹಾಕಿ, ಸ್ಟವ್ ಎಲ್ಲಿ, ಚಿಮ್ನಿ ಪೈಪ್ ಎಲ್ಲಿ ಹೊರಗೆ ಹೋಗತ್ತೆ, ಪಾತ್ರೆ ಎಲ್ಲಿ ತೊಳೀತಾರೆ ಅಂತ ತೋರಿಸಿ. ಮಾಡಿಸಿ ಎರಡು ವರ್ಷ ಆದ ಮನೆಗೇ ಹೋಗಿ, ಹೊಸದಾಗಿ ಹೊಳೀತಿರೋವಾಗ ಎಲ್ಲಾ ಚೆನ್ನಾಗೇ ಕಾಣತ್ತೆ. ಅಲ್ಲಿ ಅಡುಗೆ ಮಾಡೋರನ್ನೇ ಮಾತಾಡಿಸಿ. ಫೋಟೋನ ಅವರು ಒಗ್ಗರಣೆ ಹಾಕ್ತಿರೋವಾಗ ತೆಗೀರಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗಾರ್ತಿ
ಮೈಸೂರು